ಯುದ್ಧಕ್ಕೆ ಹೋಗಿಬಂದ ಡಬ್ಬಿ

ವೇಣುಗೋಪಾಲನ ಅಂದಿನ ಗ್ರಹಚಾರಕ್ಕೆಲ್ಲ ಮೂಲ ಒಂದು ಸ್ಟಿಕ್ಕರು. ಹೆಬ್ಬೆರಳಗಲದ್ದು. ಕಿರಾಣಿ ಅಂಗಡಿಯಲ್ಲಿ ದುಡ್ಡು ಕಳಿಸಲು ಫೋನು ಹಿಡಿದು ತೋರಿಸುತ್ತೇವಲ್ಲ, ಆ ಜಾತಿಯ ಕಪ್ಪು ಚೌಕಗಳ ಸ್ಟಿಕ್ಕರು. ಸುಗಟೂರಿನ ಮುನಿಯಲ್ಲಮ್ಮನ ಸ್ಟೀಲ್ ಡಬ್ಬಿಯ ಹೊಟ್ಟೆಗೆ ಅದು ಅಂಟಿಕೊಂಡಿತ್ತು. ಕೋಲಾರದ ‘ಕರುಣಾಸೇತು’ ಸೇವಾ ಸಂಸ್ಥೆಯ ಹಿಂಬದಿಯ ಕೋಣೆಯಲ್ಲಿ ಕೂತು ವೇಣು ಅದನ್ನು ಉಗುರಿನಿಂದ ಕೆರೆದ. ಬ್ಲೇಡಿನಿಂದ ಹೆರೆದ. ಸ್ಕೂಟರಿನಿಂದ ಒಂದಿಷ್ಟು ಪೆಟ್ರೋಲು ತೆಗೆದು ಬಟ್ಟೆಗೆ ಹಾಕಿಕೊಂಡು ಉಜ್ಜಿದ. ಕೊನೆಗೆ ಹಲ್ಲಿನಿಂದಲೂ ಒಂದು ಕೈ ನೋಡಿದ. ಡಬ್ಬಿಯ ಮೈಮೇಲೆಲ್ಲ ಗೀರು ಬಿತ್ತು, ಕೋಣೆಯೆಲ್ಲ ಪೆಟ್ರೋಲ್ ಬಂಕಿನ ವಾಸನೆಯಾಯಿತು, ಸ್ಟಿಕ್ಕರು ಮಾತ್ರ ಕೂತಲ್ಲೇ ಕೂತಿತ್ತು. ಬಾಂಬು ಬೀಳುವ, ಹಿಮ ಸುರಿಯುವ ಕಡೆಗೆಂದು ಮಾಡಿದ ಸ್ಟಿಕ್ಕರು ಅದು. ವೇಣುವಿನ ಹಲ್ಲಿಗೆ ಎಲ್ಲಿ ಜಗ್ಗೀತು?

ಈ ಸ್ಟಿಕ್ಕರನ್ನು ಜಿಲ್ಲೆಗೆ ತಂದ ಪುಣ್ಯಾತ್ಮರು ಸಂಸ್ಥೆಯ ಕಾರ್ಯದರ್ಶಿ ಚಂದ್ರಮೋಹನ್. ಕರುಣಾಸೇತು ಮೊದಲಿನಿಂದಲೂ, ಯಾವ ಕಾಲಕ್ಕೆ ಯಾವುದಕ್ಕೆ ಅನುದಾನ ಬರುತ್ತದೋ ಅದರ ಮೇಲೆ ಕರುಣೆ ತೋರಿಸಿಕೊಂಡು ಬಂದ ಸಂಸ್ಥೆ. ಒಂದು ಕಾಲದಲ್ಲಿ ಕೆರೆ, ಆಮೇಲೆ ಶೌಚಾಲಯ, ಆಮೇಲೆ ಸಿರಿಧಾನ್ಯ. ಈಗ ಯುದ್ಧದ ಕಾಲ. ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ನಡೆದ ಕಾರ್ಯಾಗಾರಕ್ಕೆ ಹೋದ ಚಂದ್ರಮೋಹನ್, ಅಲ್ಲಿನ ಊಟ ಮುಗಿಸಿ, ಬ್ಲಾಕ್‌ಚೈನ್ ಎಂಬ ಮಂತ್ರ ಕಲಿತು ಬಂದರು.

“ನೋಡಯ್ಯ ವೇಣು,” ಎಂದು ಅವರು ಬೋಧಿಸಿದ್ದರು. “ಯುದ್ಧ ನಡೆಯೋ ಕಡೆ ಬ್ಯಾಂಕ್ ಮುಚ್ಚಿರುತ್ತೆ, ಆಫೀಸು ಸುಟ್ಟೋಗಿರುತ್ತೆ. ಕೊಟ್ಟಿದ್ದು ಮುಟ್ತೋ ಇಲ್ವೋ ಅಂತ ದಾನಿಗಳಿಗೆ ಗೊತ್ತಾಗೋದು ಹೆಂಗೆ? ಮಧ್ಯದಲ್ಲಿ ನುಂಗೋರು ಎಷ್ಟು ಜನ! ಅದಕ್ಕೇ ಇದು. ಯಾರು ಕೊಟ್ರು, ಎಲ್ಲಿಂದ ಹೊರಡ್ತು, ಎಲ್ಲಿ ಮುಟ್ತು, ಎಲ್ಲಾ ಲೋಕದ ಕಂಪ್ಯೂಟರುಗಳಲ್ಲೆಲ್ಲ ಒಟ್ಟಿಗೇ ದಾಖಲಾಗುತ್ತೆ. ಒಂದು ಸಲ ಹತ್ತಿದ್ರೆ ಮುಗೀತು. ದೇವರು ಬಂದ್ರೂ ಅಳಿಸೋಕಾಗಲ್ಲ.”

ಡೆಲ್ಲಿಯ ದಾನಿ ಸಂಸ್ಥೆಯೊಂದು ಈ ಮಂತ್ರಕ್ಕೆ ಮರುಳಾಗಿ ಅನುದಾನ ಕೊಟ್ಟಿತು. ಏನು ಕಳಿಸುವುದು ಎಂಬ ಪ್ರಶ್ನೆಗೆ ಉತ್ತರವೂ ಚಂದ್ರಮೋಹನರ ತಲೆಯಲ್ಲೇ ಹೊಳೆಯಿತು: ರಾಗಿ ಹುರಿಹಿಟ್ಟು. ನೆಲದಡಿ ಅವಿತು ಕೂತವರು ಒಲೆ ಹಚ್ಚುವ ಹಾಗಿಲ್ಲ. ಹುರಿಹಿಟ್ಟಿಗೆ ಒಲೆಯೇ ಬೇಡ, ನೀರಿದ್ದರೆ ಸಾಕು. ಕೇಳಿದವರೆಲ್ಲ ತಲೆದೂಗಿದರು. ಸುಗಟೂರಿನ ಹೆಂಗಸರು ರಾಗಿ ಹುರಿದು, ಬೀಸಿ, ಏಲಕ್ಕಿ ಬೆರೆಸಿ ಕೊಡಲು ಒಪ್ಪಿದರು. ಅಚ್ಚು ಹಾಕಿಸಿದ ರಟ್ಟಿನ ಪೆಟ್ಟಿಗೆಗಳು ಮಾತ್ರ ಬರಲಿಲ್ಲ. ಫೋಟೋದವನು ಬಂದು ನಿಂತಿದ್ದ. ಸರಿ, ಹೆಂಗಸರು ತಮ್ಮ ತಮ್ಮ ಮನೆಯ ಸ್ಟೀಲ್ ಡಬ್ಬಿಗಳಲ್ಲೇ ಹಿಟ್ಟು ತುಂಬಿ ತಂದರು. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸಿದ ಡಬ್ಬಿಗಳು.

ಎಡವಟ್ಟಾದದ್ದು ಅಲ್ಲೇ. ನಮ್ಮ ಕಡೆ ಡಬ್ಬಿಗೂ ಒಂದು ಧರ್ಮವಿದೆ. ಕೊಡುವುದು ಹಿಟ್ಟನ್ನೇ ಹೊರತು ಡಬ್ಬಿಯನ್ನಲ್ಲ. ಹೋದ ಡಬ್ಬಿ ತಿರುಗಿ ಬರಲೇಬೇಕು, ಬರುವಾಗ ಬರಿದಾಗಿ ಬರಬಾರದು. ಒಂದು ಹಿಡಿ ಸಕ್ಕರೆ, ಒಂದು ಅಚ್ಚು ಬೆಲ್ಲ, ಏನೂ ಇಲ್ಲದಿದ್ದರೆ ಹಿತ್ತಲಿನ ಹಸಿಮೆಣಸಿನಕಾಯಿಯಾದರೂ ಒಳಗಿರಬೇಕು. ಖಾಲಿ ಡಬ್ಬಿ ಹಿಂದಿರುಗಿಸುವವರನ್ನು ಸುಗಟೂರಿನಲ್ಲಿ ಮದುವೆಗೆ ಕರೆಯುತ್ತಾರೆ, ಆದರೆ ಮನಸ್ಸಿಟ್ಟು ಕರೆಯುವುದಿಲ್ಲ.

ಇನ್ನು ಡಬ್ಬಿಗಳು ಯುದ್ಧಕ್ಕೆ ಹೋದವೇ? ಎಲ್ಲಿ ಹೋದವು! ಸಾಗಣೆಯ ಖರ್ಚು ಕೇಳಿ ಚಂದ್ರಮೋಹನರಿಗೆ ಬೆವರಿತು. ಹಿಟ್ಟಿಗೆ ಪರೀಕ್ಷೆ, ಆ ಪರೀಕ್ಷೆಗೆ ಸರ್ಟಿಫಿಕೇಟು, ಸರ್ಟಿಫಿಕೇಟಿಗೆ ಮೊಹರು ಎಂದು ಬಂದರಿನವರು ಆಡಿಸಿದರು. ಅಷ್ಟರಲ್ಲಿ ಚಂದ್ರಮೋಹನರಿಗೆ ಜ್ಞಾನೋದಯವಾಯಿತು. ಬ್ಲಾಕ್‌ಚೈನ್ ಎಂಬ ಈ ಸರಪಳಿ ನೋಡುವುದು ಸ್ಟಿಕ್ಕರನ್ನು, ಹಿಟ್ಟನ್ನಲ್ಲ. ಪ್ರತಿ ಡಬ್ಬಿಗೂ ಒಂದೇ ನಂಬರಿನ ಒಂದು ಜೋಡಿ ಸ್ಟಿಕ್ಕರು ಬಂದಿತ್ತು. ಒಂದು ಅಂಟಿಸಲು, ಒಂದು ಹರಿದರೆ ಇರಲಿ ಎಂದು. ಆ ಎರಡನೆಯದನ್ನೆಲ್ಲ ಒಂದು ಲಕೋಟೆಗೆ ಹಾಕಿ ಕೊರಿಯರ್ ಮಾಡಿಸಿದರು. ಅಲ್ಲಿನ ನಿರಾಶ್ರಿತರ ಶಿಬಿರದಲ್ಲಿದ್ದ ಸ್ವಯಂಸೇವಕನೊಬ್ಬ ಡೇರೆಯಲ್ಲಿ ಕೂತು ಒಂದೊಂದಕ್ಕೂ ಫೋನು ತೋರಿಸಿದ. ‘ಮುಟ್ಟಿದೆ, ಮುಟ್ಟಿದೆ, ಮುಟ್ಟಿದೆ’ ಎಂದು ಲೋಕದ ಕಂಪ್ಯೂಟರುಗಳೆಲ್ಲ ಸಾಕ್ಷಿ ನುಡಿದವು. ಡಬ್ಬಿಗಳು ಕರುಣಾಸೇತುವಿನ ಹಿಂದಿನ ಕೋಣೆಯಲ್ಲಿ ಹಳೇ ಬ್ಯಾನರುಗಳ ಕೆಳಗೆ ಮಲಗಿದ್ದವು. ಯುದ್ಧದ ಮಕ್ಕಳು ಏನು ತಿಂದರೋ ಸರಪಳಿಯಲ್ಲಿ ಬರೆದಿರಲಿಲ್ಲ.

ಇದೆಲ್ಲ ವೇಣುವಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ, ಏಕೆಂದರೆ ಅವನ ಗುತ್ತಿಗೆ ಆ ತಿಂಗಳಿಗೆ ಮುಗಿಯುವುದಿತ್ತು. ಡೆಲ್ಲಿಯವರು ಮೆಚ್ಚಿದರೆ ಪರ್ಮನೆಂಟು. ಇಲ್ಲದಿದ್ದರೆ ಶ್ರೀನಿವಾಸಪುರದಲ್ಲಿ ಹೆಂಡತಿಯ ತಮ್ಮ ಕದಿರೇಶನ ಮಾವಿನ ಮಂಡಿ. ಮಂಡಿಯಲ್ಲಿ ಕ್ರೇಟು ಎತ್ತಿಸುವುದಕ್ಕೆ ಅವನಿಗೆ ಬೇಸರವಿರಲಿಲ್ಲ. ಆದರೆ ಕದಿರೇಶ ಅಕ್ಕನ ಮದುವೆಯಲ್ಲಿ ವೇಣುವಿನ ಕಾಲು ತೊಳೆಯಬೇಕಾಗಿ ಬಂದದ್ದನ್ನು ಇನ್ನೂ ಮರೆತಿರಲಿಲ್ಲ. ಅವನ ಕೈಕೆಳಗೆ ದುಡಿಯುವುದೆಂದರೆ ದಿನಾ ಅವನ ಕಾಲು ತೊಳೆದಂತೆ. ಹೆಂಡತಿ ಸುನಂದ ದಿನಬೆಳಗಾದರೆ ಕೇಳುತ್ತಿದ್ದುದು ಒಂದೇ: “ಪರ್ಮನೆಂಟ್ ಆಯ್ತೇನ್ರೀ? ಇಲ್ಲಾಂದ್ರೆ ತಮ್ಮನಿಗೆ ಹೇಳ್ಲಾ?”

ಸುನಂದಳಿಗಿಂತ ಹೆಚ್ಚು ಕಾಡುತ್ತಿದ್ದವಳು, ಫೋನಿನ ಮೇಲೆ ಫೋನು ಮಾಡುತ್ತಿದ್ದ ಮುನಿಯಲ್ಲಮ್ಮ. “ನಾಯನಾ, ನನ್ನ ಡಬ್ಬಿ ಏನಾಯ್ತಪ್ಪ? ನಮ್ಮಮ್ಮ ಕೊಟ್ಟಿದ್ದು ಕಣಪ್ಪ ಅದು. ಮದ್ವೆ ತಾರೀಕು ಕೆತ್ತೈತೆ ಅದರ ಮೇಲೆ.” ಈ ಕಾಟ ತಡೆಯಲಾರದೆ ಅವನು ಅಂದು ಬೆಳಿಗ್ಗೆ, ಅದೊಂದನ್ನು ಮಾತ್ರ, ಯಾರಿಗೂ ತಿಳಿಯದ ಹಾಗೆ ಕೊಟ್ಟು ಬಂದುಬಿಡೋಣ ಎಂದು ಹೊರಟ. ಸ್ಟಿಕ್ಕರು ಬಿಡದಿದ್ದರೆ ಹಾಳಾಗಿ ಹೋಗಲಿ, ಮುದುಕಿಗೆ ಅದೇನು ತಿಳಿಯುತ್ತದೆ ಎಂದುಕೊಂಡು ಡಬ್ಬಿಯನ್ನು ಸ್ಕೂಟರಿನ ಮುಂದಿಟ್ಟುಕೊಂಡ. ಅವಸರದಲ್ಲಿ ಒಳಗಿನ ಹಿಟ್ಟು ಸುರಿಯುವುದನ್ನೇ ಮರೆತ.

ಮುನಿಯಲ್ಲಮ್ಮ ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ಒಳಗೆ ರೇಷ್ಮೆ ಹುಳು ನಾಲ್ಕನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ಸೊಪ್ಪು ತಿನ್ನುತ್ತಿದ್ದವು. ಡಬ್ಬಿ ಕಂಡದ್ದೇ ತಡ, ಕಳೆದುಹೋದ ಕರು ಸಿಕ್ಕಿದ ಹಾಗೆ ತಬ್ಬಿಕೊಂಡಳು. ಎತ್ತಿ ಅಲ್ಲಾಡಿಸಿದಳು. ಮುಚ್ಚಳ ತೆಗೆದಳು.

“ಏನಪ್ಪಾ, ತುಂಬ್ಕೊಂಡೈತೆ?”

ವೇಣುವಿನ ನಾಲಿಗೆಗೆ ಆ ಕ್ಷಣ ಏನು ಬಂತೋ ಅದನ್ನೇ ಉದುರಿಸಿದ. “ಬರಿ ಡಬ್ಬಿ ಕಳಿಸಬಾರದು ಅಂತ ಅವರೇ ತುಂಬಿಸಿ ಕಳಿಸಿದಾರಮ್ಮ.”

“ಯುದ್ಧದೋರಾ?”

“ಹೂಂ. ಯುದ್ಧದೋರೇ.”

ಮುನಿಯಲ್ಲಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. “ಏಲಕ್ಕಿ ಹಾಕವ್ರೆ. ನಾನೂ ಹಾಕ್ತೀನಿ.” ಆಮೇಲೆ ಡಬ್ಬಿಯನ್ನು ಮೂಗಿಗೆ ಹಿಡಿದಳು. “ಅದೇನಪ್ಪ ಪೆಟ್ರೋಲ್ ವಾಸ್ನೆ?”

“ಅಲ್ಲಿ ಬಾಂಬು ಬೀಳುತ್ತಲ್ಲಮ್ಮ.”

“ಈ ಗೀರು?”

“ಅದೂ ಬಾಂಬೇ.”

ಮುದುಕಿಯ ಕಣ್ಣು ತುಂಬಿ ಬಂತು. ತಲೆ ಮೇಲೆ ಬಾಂಬು ಬೀಳುತ್ತಿರುವಾಗ ಯಾವಳೋ ಒಬ್ಬ ತಾಯಿ ಡಬ್ಬಿ ತೊಳೆದು, ತುಂಬಿಸಿ, ಹೆಸರು ನೋಡಿ ಕಳಿಸಿದ್ದಾಳೆ! “ನಮ್ಮ ಬೈರಮ್ಮ ಇಲ್ಲೇ ಪಕ್ಕದ ಮನೇಲಿದ್ದು ಖಾಲಿ ಡಬ್ಬಿ ಕಳಿಸ್ತಾಳಲ್ಲೋ ನಾಯನಾ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ವೇಣುವಿಗೆ ನಾಚಿಕೆಯಾಯಿತು. ನಿಜವಾಗಿಯೂ ನಾಚಿಕೆಯಾಯಿತು. ಆದರೆ ಗುತ್ತಿಗೆ ಮುಗಿಯುತ್ತಿರುವವನ ನಾಚಿಕೆ ಬಹಳ ಹೊತ್ತು ನಿಲ್ಲುವುದಿಲ್ಲ. ಅವನು ಸ್ಕೂಟರಿನ ಕಡೆ ತಿರುಗಿದ.

ತಿರುಗಿದರೆ ಎದುರಿಗೆ ಬೈರಮ್ಮ. ಅವಳ ಹಿಂದೆ ಬೀದಿಯ ಅರ್ಧ ಹೆಂಗಸರು. ಕದ ಸಂದಿಯಿಂದ ಎಲ್ಲ ನೋಡಿದ್ದಳು ಪುಣ್ಯಾತ್ಗಿತ್ತಿ.

“ಏನಪ್ಪಾ ವೇಣು, ಅವಳ ಡಬ್ಬಿ ಬಂತು, ನಮ್ದು ಎಲ್ಲಿ? ಅವಳ್ದೇನು ಚಿನ್ನದ್ದಾ?”

“ಬರುತ್ತೆ ಅಕ್ಕ, ಒಂದೊಂದಾಗಿ ಬರುತ್ತೆ.”

“ತುಂಬ್ಕೊಂಡು ಬರುತ್ತಾ?”

“ಅದು... ಅವರವರ ಶಕ್ತಿ.”

ಅಷ್ಟರಲ್ಲಿ ಕೋದಂಡರಾಮಪ್ಪ ಬಂದರು. ಹಾಲಿನ ಡೇರಿಯ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಊರಿನಲ್ಲಿ ಯಾವ ವಿಷಯಕ್ಕೂ ಮೂಗು ತೂರಿಸದೆ ಬಿಟ್ಟವರಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿ, ಸ್ಟಿಕ್ಕರಿನ ಮೇಲೆ ಬೆರಳಿಟ್ಟು ವಿವರಿಸತೊಡಗಿದರು. “ಇದೇನು ಗೊತ್ತೇನ್ರಮ್ಮ? ಬ್ಲಾಕ್‌ಚೈನು. ನಮ್ಮ ಡೇರಿ ಕ್ಯಾನ್ ಇದ್ದಂಗೆ. ಕ್ಯಾನಿಗೆ ನಂಬರ್ ಇರುತ್ತೆ, ಹಾಲು ಹೋದ್ರೂ ಕ್ಯಾನ್ ವಾಪಸ್ ಬರುತ್ತೆ. ಇದ್ರಲ್ಲಿ ಒಂದೇ ಫರಕು, ಯಾರೂ ನೀರು ಬೆರೆಸೋಕಾಗಲ್ಲ.”

“ಅದಕ್ಕೆ ಫೋನ್ ತೋರ್ಸಿದ್ರೆ ನಮ್ಮ ಅಕೌಂಟ್ನಿಂದ ದುಡ್ಡು ಹೋಗುತ್ತಾ ಸ್ವಾಮಿ?” ಎಂದು ಬೈರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

ಆಗ ವೇಣುವಿನ ಫೋನು ಬಡಿದುಕೊಂಡಿತು. ಚಂದ್ರಮೋಹನ್. “ಲೇ, ಎಲ್ಲಿ ಹಾಳಾಗಿ ಹೋಗಿದ್ದೀಯಾ? ಡೆಲ್ಲಿಯಿಂದ ಶಿವಾನಿ ಮೇಡಂ ಬಂದವ್ರೆ. ನಾಳೆ ಬರಬೇಕಾಗಿತ್ತು, ಇವತ್ತೇ ಬಂದುಬಿಟ್ರು. ಆಫೀಸಿಗೆ ಬೇಡ, ಸೀದಾ ಊರಿಗೇ ಹೋಗೋಣ ಅಂತವ್ರೆ. ವರದಿ ಮುಖಪುಟದಲ್ಲಿ ಫೋಟೋ ಇದೆಯಲ್ಲ, ಆ ಅಜ್ಜಿ, ಮುನಿಯಲ್ಲಮ್ಮ, ಅವಳನ್ನೇ ನೋಡಬೇಕಂತೆ. ನೀನು ಮುಂಚೆ ಹೋಗಿ ರೆಡಿ ಮಾಡು.”

“ಸಾರ್, ನಾನು...”

“ಇವತ್ತು ಸರಿಹೋದ್ರೆ ನೀನು ಪರ್ಮನೆಂಟು. ಎಡವಟ್ಟಾದ್ರೆ ನಾನೂ ಇಲ್ಲ, ನೀನೂ ಇಲ್ಲ. ನಾವು ಈಗ ಕೋಲಾರದಿಂದ ಹೊರಡ್ತಾ ಇದೀವಿ.”

ವೇಣು ಮುನಿಯಲ್ಲಮ್ಮನ ಕಡೆ ತಿರುಗಿದ. ಲೋಕದ ಕಂಪ್ಯೂಟರುಗಳೆಲ್ಲ ಯುದ್ಧಭೂಮಿಯಲ್ಲಿದೆ ಎಂದು ಆಣೆ ಮಾಡುತ್ತಿರುವ ಡಬ್ಬಿ ಇಲ್ಲಿ ಮುನಿಯಲ್ಲಮ್ಮನ ಕಂಕುಳಲ್ಲಿದೆ! “ಅಮ್ಮಾ, ಅದನ್ನ ಸ್ವಲ್ಪ ನನ್ ಕೈಲಿ ಕೊಡಿ, ಒಂದು ಗಂಟೆ ಮಾತ್ರ” ಎಂದು ಗೋಗರೆದ. ಮುದುಕಿ ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಇನ್ನೊಮ್ಮೆ ಅವನ ಕೈಗೆ ಕೊಡಲು ಅವಳಿಗೇನು ಹುಚ್ಚೆ? ಒಳಗೆ ಹೋಗಿ ದೇವರ ಗೂಡಿನಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ದಾಸವಾಳ ಏರಿಸಿ ಬಂದಳು. ಹೆಂಗಸರು ಸಾಲಾಗಿ ಹೋಗಿ ನೋಡಿಕೊಂಡು, ಬಾಂಬಿನ ಗೀರು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಡೆಲ್ಲಿಯ ಮೇಡಂ ಬರುತ್ತಾಳೆಂದು ತಿಳಿದಾಗ ಎಲ್ಲರೂ ಸೀರೆ ಬದಲಾಯಿಸಲು ಮನೆಗೆ ಓಡಿದರು. ಮುನಿಯಲ್ಲಮ್ಮನೂ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಅದೇ ಸಂದು. ವೇಣು ಚಪ್ಪಲಿ ಬಿಟ್ಟು, ದೇವರಿಗೆ ಕೈಮುಗಿದು, ಡಬ್ಬಿ ಎತ್ತಿಕೊಂಡ. ಎಲ್ಲಿಡುವುದು? ಸ್ಕೂಟರಿನ ಡಿಕ್ಕಿಗೆ ಹಿಡಿಯದು. ಹುಳು ಸಾಕುವ ಕೋಣೆಗೆ ಹೊರಗಿನವರು ಕಾಲಿಡುವ ಹಾಗಿಲ್ಲ. ಬೀದಿಯಲ್ಲಿ ಕಾರಿನ ಸದ್ದು ಕೇಳಿಸಿತು. ಜಗಲಿಯ ಮೇಲೆ ಒದ್ದೆ ಗೋಣಿ ಹೊದಿಸಿದ್ದ ಸೊಪ್ಪಿನ ರಾಶಿಯೊಳಕ್ಕೆ ಡಬ್ಬಿಯನ್ನು ತುರುಕಿ, ಗೋಣಿ ಎಳೆದು, ಅದರ ಮುಂದೆಯೇ ಹಲ್ಲು ಕಿರಿದು ನಿಂತುಕೊಂಡ.

ಶಿವಾನಿ ಮೇಡಂ ವಯಸ್ಸಿನಲ್ಲಿ ಚಿಕ್ಕವಳು, ಉತ್ಸಾಹದಲ್ಲಿ ಬಹಳ ದೊಡ್ಡವಳು. ಖಾದಿ ಕುರ್ತಾ, ಓಟದ ಬೂಟು, ಕುತ್ತಿಗೆಯಲ್ಲಿ ಕ್ಯಾಮೆರಾ. ಕಾರಿನಿಂದ ಇಳಿದವಳೇ ಇಂಗ್ಲಿಷಿನಲ್ಲಿ ಮಣ್ಣನ್ನು ಹೊಗಳಿದಳು, ಎಮ್ಮೆಯನ್ನು ಹೊಗಳಿದಳು, ಬೈರಮ್ಮನ ಮೂಗುಬೊಟ್ಟನ್ನೂ ಹೊಗಳಿದಳು. ಅವಳ ಹಿಂದೆ ಇಳಿದ ಚಂದ್ರಮೋಹನ್, ಅಳಿಯನ ಕಡೆಯವರನ್ನು ಕರೆತಂದ ಮಾವನ ಹಾಗೆ ಕೈ ಹೊಸೆಯುತ್ತಿದ್ದರು.

ಮೇಡಂ ಕ್ಯಾಮೆರಾ ಹಿಡಿದಳು. ಶಿಬಿರದ ಜನರಿಗೆ ಈ ತಾಯಿ ಏನು ಹೇಳಲು ಬಯಸುತ್ತಾರೆ, ಕೇಳಿ ಎಂದಳು. ವೇಣು ಕೇಳಿದ. ಮುನಿಯಲ್ಲಮ್ಮ ಸೆರಗು ಸರಿಮಾಡಿಕೊಂಡು ಶುರುಮಾಡಿದಳು. “ಡಬ್ಬಿ ಬಂತು ಕಣಮ್ಮ. ತುಂಬಿಸಿ ಕಳ್ಸಿದ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಏಲಕ್ಕಿ ಒಂಚೂರು ಜಾಸ್ತಿ ಆಗೈತೆ, ಪರವಾಗಿಲ್ಲ. ಬಾಂಬು ಬೀಳೋವಾಗ ಯಾರಿಗೆ ಅಳತೆ ಸಿಗುತ್ತೆ?”

“ಹಿಟ್ಟು ರುಚಿಯಾಗಿತ್ತೆಂದು ಭಾವಿಸುತ್ತೇನೆ, ಎನ್ನುತ್ತಿದ್ದಾರೆ” ಎಂದು ವೇಣು ಇಂಗ್ಲಿಷಿನಲ್ಲಿ ಮುಗಿಸಿದ.

“ಅಷ್ಟೇ? ಅವರು ಅಷ್ಟು ಉದ್ದ ಹೇಳಿದರಲ್ಲ?”

“ನಮ್ಮ ಭಾಷೆ ಸ್ವಲ್ಪ ಉದ್ದ, ಮೇಡಂ.”

ಅಷ್ಟಕ್ಕೆ ಮುಗಿದಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಡೇರಿಯ ಮೀಟಿಂಗುಗಳಲ್ಲಿ ಇಂಗ್ಲಿಷು ಕೇಳಿ ಕೇಳಿ ಪಳಗಿದ್ದ ಕೋದಂಡರಾಮಪ್ಪನವರು ಇಷ್ಟೊತ್ತು ಸುಮ್ಮನಿದ್ದದ್ದೇ ಹೆಚ್ಚು. ಮುಂದೆ ನುಗ್ಗಿ ಎದೆಯುಬ್ಬಿಸಿ ಹೇಳಿಯೇಬಿಟ್ಟರು: “ಮೇಡಂ! ಡಬ್ಬಾ ರಿಟರ್ನ್! ವಾರ್ ಟು ಸುಗಟೂರು! ಫುಲ್!”

ಚಂದ್ರಮೋಹನರ ಮುಖ ಸುಣ್ಣ ಬಳಿದಂತಾಯಿತು. ಅವರು ವೇಣುವಿನ ಕಡೆ ನೋಡಿದ ನೋಟದಲ್ಲೇ ಮಾವಿನ ಮಂಡಿಯ ಬಾಗಿಲು ತೆರೆದುಕೊಂಡಿತು. “ಅಜ್ಜನಿಗೆ ವಯಸ್ಸಾಗಿದೆ ಮೇಡಂ” ಎಂದು ತೇಲಿಸಲು ನೋಡಿದರು. ಕೋದಂಡರಾಮಪ್ಪನವರಿಗೆ ರೇಗಿತು. “ಯಾರ್ರೀ ಅಜ್ಜ? ಮುನಿಯಲ್ಲಮ್ಮಾ, ತಗೊಂಬಾಮ್ಮ ಡಬ್ಬಿನ, ತೋರ್ಸೋಣ!”

ಮುನಿಯಲ್ಲಮ್ಮ ಒಳಗೆ ಹೋದಳು. ಹೋದಷ್ಟೇ ಬೇಗ ಚೀರಿಕೊಂಡು ಹೊರಗೆ ಬಂದಳು. “ಅಯ್ಯೋ ದೇವುಡಾ! ಡಬ್ಬಿ ಇಲ್ಲ! ದೇವ್ರ ಗೂಡಿಗೇ ಕೈ ಹಾಕವ್ರಲ್ಲಪ್ಪೋ!” ಅವಳ ಕಣ್ಣು ನೇರವಾಗಿ ಬೈರಮ್ಮನ ಮೇಲೆ ಹೋಗಿ ನಿಂತಿತು. “ನೀನೇ ಕಣೇ! ಬೆಳಿಗ್ಗೆಯಿಂದ ನಿನ್ನ ಕಣ್ಣು ಅದರ ಮೇಲೇ ಇತ್ತು!”

“ಏನಂದೆ? ನಿನ್ನ ಸೊಟ್ಟ ಡಬ್ಬಿ ಯಾರಿಗೆ ಬೇಕು! ನನ್ನ ಡಬ್ಬಿ ಬರ್ಲಿ, ನೋಡುವಂತೆ, ಮುಚ್ಚಳ ಹಾಕೋಕೆ ಆಗದಂಗೆ ತುಂಬ್ಕೊಂಡು ಬರುತ್ತೆ!”

“ಖಾಲಿ ಡಬ್ಬಿ ಕಳಿಸೋ ಮನೆಗೆ ಯಾವನು ತುಂಬಿಸಿ ಕಳಿಸ್ತಾನೆ?”

ಈ ಮಾತು ತಾಕಬೇಕಾದಲ್ಲಿಗೇ ತಾಕಿತು. ಬೈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಇಬ್ಬರೂ ತೆಲುಗಿಗೆ ಇಳಿದರು. ಸುಗಟೂರಿನಲ್ಲಿ ಜಗಳ ತೆಲುಗಿಗೆ ಇಳಿಯಿತೆಂದರೆ ನಾಯಿಗಳು ಕೂಡ ದಾರಿ ಬಿಡುತ್ತವೆ. ಶಿವಾನಿ ಮೇಡಂ ಕಣ್ಣರಳಿಸಿ, ಇದೇನು ಜನಪದ ಹಾಡೇ ಎಂದು ಕೇಳಿದಳು. “ಸ್ವಾಗತಗೀತೆ ಮೇಡಂ” ಎಂದ ವೇಣು. ಒಳಗೊಳಗೆ ಮಾತ್ರ ಅವನಿಗೆ ಕೊಂಚ ನೆಮ್ಮದಿಯಾಗಿತ್ತು. ಜಗಳ ಬೆಳೆಯಲಿ, ಡಬ್ಬಿ ಕಳುವಾಯಿತೆಂದೇ ಆಗಲಿ, ಮೇಡಂ ಕಾರು ಹತ್ತಿ ಹೋಗಲಿ. ಕಳ್ಳಿ ಎನ್ನಿಸಿಕೊಂಡ ಬೈರಮ್ಮನಿಗೆ ಒಂದು ಹೊಸ ಡಬ್ಬಿ ಕೊಡಿಸಿದರಾಯಿತು.

ಹುಳುಗಳಿಗೆ ಹಸಿವಾಗದೇ ಇದ್ದಿದ್ದರೆ ಹಾಗೆಯೇ ಆಗುತ್ತಿತ್ತೇನೋ. ಜಗಳದ ನಡುವೆಯೂ ಮುನಿಯಲ್ಲಮ್ಮನಿಗೆ ಸೊಪ್ಪು ಹಾಕುವ ಹೊತ್ತಾದದ್ದು ನೆನಪಾಯಿತು. ಬೈಯುತ್ತಲೇ ಬಂದಳು, ಬೈಯುತ್ತಲೇ ವೇಣುವನ್ನು ಪಕ್ಕಕ್ಕೆ ತಳ್ಳಿದಳು, ಗೋಣಿ ಸರಿಸಿ ಒಂದು ತೆಕ್ಕೆ ಸೊಪ್ಪು ಎತ್ತಿದಳು. ತಟ್ಟನೆ ಬೈಗುಳ ನಿಂತಿತು. ಸೊಪ್ಪನ್ನು ಮೂಗಿಗೆ ಹಿಡಿದಳು.

“ಪೆಟ್ರೋಲ್ ವಾಸ್ನೆ! ಅಯ್ಯೋ, ನನ್ನ ಹುಳ ಸಾಯಿಸೋಕೆ ಯಾವನೋ ಪೆಟ್ರೋಲ್ ಹಾಕವ್ನಲ್ಲಪ್ಪೋ!”

ಎರಡೂ ಕೈಯಿಂದ ರಾಶಿಯನ್ನು ಕೆದರಿದಳು. ಡಬ್ಬಿ ಠಣ್ ಎಂದು ಉರುಳಿ ಬಂದು, ಜಗಲಿಯ ಮೆಟ್ಟಿಲು ಒಂದೊಂದೇ ಇಳಿದು, ಶಿವಾನಿ ಮೇಡಂನ ಬೂಟಿನ ಹತ್ತಿರ ನಿಂತಿತು. ಕುಂಕುಮ ಹಚ್ಚಿಕೊಂಡು, ಕಿವಿಗೆ ದಾಸವಾಳ ಸಿಕ್ಕಿಸಿಕೊಂಡು, ಹೊಟ್ಟೆಯ ಮೇಲೆ ಸ್ಟಿಕ್ಕರು ತೋರಿಸಿಕೊಂಡು.

ಮೇಡಂ ಬಗ್ಗಿದಳು. ಫೋನು ತೆಗೆದಳು. ಸ್ಟಿಕ್ಕರಿಗೆ ತೋರಿಸಿದಳು. ವೇಣು ಕಣ್ಣು ಮುಚ್ಚಿಕೊಂಡು, ಶ್ರೀನಿವಾಸಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಜ್ಞಾಪಿಸಿಕೊಳ್ಳತೊಡಗಿದ.

ಫೋನು ಟಿಂಗ್ ಎಂದಿತು. ಮೇಡಂ ಓದಿದಳು. ಸುಗಟೂರಿನಿಂದ ಹೊರಟಿದೆ. ಕೋಲಾರ ದಾಟಿದೆ. ಶಿಬಿರ ಮುಟ್ಟಿದೆ. ಅದರ ಕೆಳಗೆ, ಅವಳು ಇಲ್ಲಿ ಫೋನು ತೋರಿಸಿದ್ದಕ್ಕೆ ಈಗತಾನೇ ಮೂಡಿದ ಹೊಸ ಸಾಲು: ಸುಗಟೂರು ಮುಟ್ಟಿದೆ.

ಅವಳು ಮುಚ್ಚಳ ತೆಗೆದಳು. ಒಳಗೆ ಹಿಟ್ಟು. ಗೀರುಗಳ ಮೇಲೆ ಬೆರಳಾಡಿಸಿದಳು. ಮೂಸಿ ನೋಡಿದಳು. ತಲೆ ಎತ್ತಿದಾಗ ಅವಳ ಕಣ್ಣಲ್ಲಿ ನೀರು. “ಇದು ಯುದ್ಧಕ್ಕೆ ಹೋಗಿ ವಾಪಸ್ಸು ಬಂದಿದೆ! ತುಂಬಿ ಬಂದಿದೆ!”

ಮನುಷ್ಯರಾದರೆ ಅನುಮಾನ ಪಡುತ್ತಿದ್ದರು. ಆದರೆ ಲೋಕದ ಕಂಪ್ಯೂಟರುಗಳೆಲ್ಲ ಒಂದೇ ಮಾತು ಹೇಳುತ್ತಿರುವಾಗ ಅನುಮಾನ ಪಡಲು ಅವಳು ಮೂರ್ಖಳೇ? ವೇಣು ಒಂದು ಕಣ್ಣು ಬಿಟ್ಟ. ಆ ಹೊತ್ತಿಗೆ ಚಂದ್ರಮೋಹನ್ ಆಗಲೇ ಚೇತರಿಸಿಕೊಂಡು, ಅವನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು. “ಇದನ್ನ ಸರ್ಪ್ರೈಸ್ ಆಗಿ ಇಟ್ಟಿದ್ವಿ ಮೇಡಂ. ನಮ್ಮ ವೇಣುವಿನದೇ ಐಡಿಯಾ. ಹೋದ ಡಬ್ಬಿ ಬರಿದಾಗಿ ಬರಬಾರದು ಅನ್ನೋ ನಮ್ಮ ಸಂಸ್ಕೃತಿಯನ್ನ ಆ ಶಿಬಿರಕ್ಕೆ ಕಲಿಸಿದವನೇ ಇವನು.”

ಶಿವಾನಿ ಮೇಡಂ ವೇಣುವಿನ ಎರಡೂ ಕೈ ಹಿಡಿದುಕೊಂಡು ಕುಲುಕಿದಳು. ಇಂಥವರನ್ನೇ ತಾವು ಹುಡುಕುತ್ತಿದ್ದದ್ದು ಎಂದಳು. ಆ ಹುದ್ದೆಗೆ ಬೇರೆ ಯಾರನ್ನೂ ಯೋಚಿಸುವ ಅಗತ್ಯವೇ ಇಲ್ಲ, ಇವತ್ತಿನಿಂದಲೇ ಪರ್ಮನೆಂಟ್ ಎಂದಳು. ಹೇಳಿದ್ದಷ್ಟೇ ಅಲ್ಲ, ಅಲ್ಲೇ ಜಗಲಿಯ ಮೇಲೆ ಕೂತು ಫೋನಿನಲ್ಲಿ ಏನೇನೋ ಒತ್ತಿದಳು. ಟಿಂಗ್ ಎಂದಿತು.

“ದಾಖಲಾಯಿತು” ಎಂದು ನಕ್ಕಳು. “ಇನ್ನು ಯಾರೂ ಅಳಿಸಲಾರರು.”

ವೇಣುವಿಗೆ ಕುಣಿಯುವಂತಾಯಿತು. ಮರೆಗೆ ಹೋಗಿ ಸುನಂದಳಿಗೆ ಫೋನು ಮಾಡಿದ. “ಆಯ್ತು ಕಣೇ! ಪರ್ಮನೆಂಟ್! ನಿನ್ನ ತಮ್ಮನಿಗೆ ಹೇಳು, ಕಾಲು ಅವನೇ ತೊಳ್ಕೊಳ್ಲಿ!”

“ನಿಜವಾಗ್ಲೂನಾ? ಯಾವ ಹುದ್ದೆ ರೀ?”

ಅದನ್ನು ಕೇಳುವುದನ್ನೇ ಅವನು ಮರೆತಿದ್ದ. ಹಿಂದಿರುಗಿ ಬಂದು, ವಿನಯದಿಂದ ಕೇಳಿದ.

“ಶಿಬಿರದ ಸಂಯೋಜಕ” ಎಂದಳು ಶಿವಾನಿ ಮೇಡಂ. “ಅಲ್ಲಿದ್ದ ಸ್ವಯಂಸೇವಕ ಓಡಿಹೋಗಿದ್ದಾನೆ. ಬಾಂಬು ಹತ್ತಿರ ಬಂತೆಂದು ಹೆದರಿಕೊಂಡ. ಅಲ್ಲಿಗೆ ಹೋಗಲು ಯಾರೂ ಒಪ್ಪುತ್ತಲೇ ಇರಲಿಲ್ಲ. ಡಬ್ಬಿ ತುಂಬಿಸಿ ಹಿಂದಿರುಗಿಸುವ ನಿಮ್ಮ ಪದ್ಧತಿಯನ್ನು ಅಲ್ಲೇ ಇದ್ದುಕೊಂಡು ನೀವು ಬೆಳೆಸಬೇಕು.”

ವೇಣುವಿನ ಕಿವಿಯಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ಮಾತ್ರ ಉಳಿಯಿತು. “ಮೇಡಂ... ನನಗೆ ಶ್ರೀನಿವಾಸಪುರದಲ್ಲಿ ಒಂದು ಮಾವಿನ ಮಂಡಿ ಇದೆ... ನಮ್ಮ ಭಾಮೈದ ತುಂಬಾ ಒಳ್ಳೆಯವನು...” ಎಂದು ತೊದಲಿದ. ಮೇಡಂಗೆ ಅರ್ಥವಾಗಲಿಲ್ಲ. ಅವನು ಚಂದ್ರಮೋಹನರ ತೋಳು ಹಿಡಿದು ಪಕ್ಕಕ್ಕೆಳೆದ. “ಸಾರ್, ಅಳಿಸಿ ಸಾರ್! ಹೇಗಾದ್ರೂ ಅಳಿಸಿ!”

“ಹೇಗಯ್ಯ ಅಳಿಸೋದು?” ಚಂದ್ರಮೋಹನ್ ಮೆತ್ತಗೆ ತೋಳು ಬಿಡಿಸಿಕೊಂಡರು. “ನಿನಗೆ ಮೊದಲೇ ಹೇಳಿದ್ನಲ್ಲ, ದೇವರು ಬಂದ್ರೂ ಆಗಲ್ಲ ಅಂತ. ನಿಜ ಹೇಳಿ ನೋಡು ಬೇ‌ಕಾದ್ರೆ. ಡಬ್ಬಿ ಬಚ್ಚಿಟ್ಟಿದ್ದು ಯಾರು ಅಂತ ಇವರೆಲ್ಲ ಕೇಳ್ತಾರೆ.”

ವೇಣು ತಿರುಗಿ ನೋಡಿದ. ಬೈರಮ್ಮನ ಸೆರಗು ಇನ್ನೂ ಸೊಂಟದಲ್ಲೇ ಇತ್ತು. ಅವನು ಬಾಯಿ ಮುಚ್ಚಿಕೊಂಡ.

ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ವೇಣುವೇ ಯುದ್ಧದ ಊರಿಗೆ ಹೋಗುತ್ತಾನಂತೆ ಎಂದ ಕೂಡಲೇ ಮನೆಮನೆಗಳಲ್ಲಿ ರಾಗಿ ಹುರಿಯುವ ವಾಸನೆ ಎದ್ದಿತು. ಕೋದಂಡರಾಮಪ್ಪನವರು ಡೇರಿಯ ಹಗ್ಗ ತಂದು ಡಬ್ಬಿಗಳನ್ನು ಕಟ್ಟುವ ಉಸ್ತುವಾರಿ ವಹಿಸಿಕೊಂಡರು. ಶಿವಾನಿ ಮೇಡಂ ಪರ್ಸಿನಿಂದ ಹೊಸದೊಂದು ಸ್ಟಿಕ್ಕರು ತೆಗೆದು, ಸಿಬ್ಬಂದಿಗೂ ಈಗ ಇದು ಕಡ್ಡಾಯವೆಂದು ಹೇಳಿ, ವೇಣುವಿನ ಅಂಗಿಯ ಜೇಬಿನ ಮೇಲೆ ಒತ್ತಿ ಅಂಟಿಸಿದಳು. ಫೋನು ತೋರಿಸಿದಳು. ‘ಸುಗಟೂರಿನಿಂದ ಹೊರಟಿದೆ’ ಎಂದು ಲೋಕಕ್ಕೆಲ್ಲ ತಿಳಿಯಿತು. ವೇಣು ಅದನ್ನು ಉಗುರಿನಿಂದ ಕೆರೆದು ನೋಡಿದ. ಜಗ್ಗಲಿಲ್ಲ.

ಮುನಿಯಲ್ಲಮ್ಮ ಅದೇ ಡಬ್ಬಿಯನ್ನು ತೊಳೆದು, ಹೊಸ ಹಿಟ್ಟು ತುಂಬಿ, ಮುಚ್ಚಳ ಒತ್ತಿ, ಅವನ ಕೈಗಿಟ್ಟಳು. ಈ ಸಲ ಹಿಟ್ಟು ನಿಜವಾಗಿಯೂ ಯುದ್ಧಕ್ಕೆ ಹೊರಟಿತ್ತು.

“ಹುಷಾರಾಗಿ ಹೋಗಿ ಬಾ ನಾಯನಾ,” ಎಂದು ಅವನ ಗಲ್ಲ ಸವರಿದಳು. “ನೀನು ಬರೋದು ಹೆಂಗೋ ಏನೋ, ದೇವ್ರಿಗೆ ಬಿಟ್ಟಿದ್ದು. ಡಬ್ಬಿ ಮಾತ್ರ ತಪ್ಪದೆ ಕಳ್ಸಪ್ಪ. ಬರಿದು ಕಳ್ಸಬೇಡ.”